ನೂರು ಕಿಲೋಮೀಟರ್ ಟ್ರ್ಯಾಕಿಗೆ 1,700 ಕಿಲೋಮೀಟರ್ ರಸ್ತೆ: ಬೆಳಗಾವಿಯವರು ಎಂಥ ಹಳೆಯ ಕಾರು ಕೊಳ್ಳಬೇಕು?

ಬೆಳಗಾವಿಯಿಂದ ಕೊಯಮತ್ತೂರಿನ ರೇಸ್ ಟ್ರ್ಯಾಕಾದ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಬಂದರೆ ಹತ್ತಿರ ಹತ್ತಿರ 1,700 ಕಿಲೋಮೀಟರ್ ಆಗುತ್ತದೆ. ಅಲ್ಲಿ ಬೆಳಗಿನಿಂದ ಸಂಜೆವರೆಗೆ ಇದ್ದರೂ ಟ್ರ್ಯಾಕಿನ ಮೇಲೆ ಕಾರು ಓಡುವುದು ನೂರರ ಆಸುಪಾಸು. ಇಪ್ಪತ್ತು ನಿಮಿಷದ ಒಂದು ಸೆಷನ್‌ನಲ್ಲಿ ಸರಾಸರಿ 80ರ ವೇಗ ಸಿಕ್ಕರೆ 27 ಕಿಲೋಮೀಟರ್, ಅಂದರೆ 2.1 ಕಿಲೋಮೀಟರ್ ಉದ್ದದ ಆ ಟ್ರ್ಯಾಕಿನಲ್ಲಿ ಹನ್ನೆರಡು ಹದಿಮೂರು ಸುತ್ತು. ದಿನಕ್ಕೆ ಅಂಥ ನಾಲ್ಕು ಸೆಷನ್ ಸಿಕ್ಕರೆ ಪುಣ್ಯ. ಟ್ರ್ಯಾಕಿನ ಒಂದು ಕಿಲೋಮೀಟರಿಗೆ ರಸ್ತೆಯ ಮೇಲೆ ಹದಿನೇಳು ಕಿಲೋಮೀಟರ್ ಎಂದಾಯಿತು.

ಟ್ರ್ಯಾಕಿನಲ್ಲಿ ಓಡಿಸಲೆಂದು ಹಳೆಯ ಕಾರು ಹುಡುಕುವ ಹುಡುಗರು ಈ ಲೆಕ್ಕ ಹಾಕುವುದೇ ಇಲ್ಲ. ಹೋದ ತಿಂಗಳು ನಮ್ಮ ಓಣಿಯ ಎಂಜಿನಿಯರಿಂಗ್ ಹುಡುಗನೊಬ್ಬ ಫೋನ್ ಮಾಡಿದ. "ಕಾಕಾ, ಪೋಲೋ ಜಿಟಿ ಸಿಕ್ಕೈತ್ರಿ. ನಾಕು ಲಕ್ಷಕ್ಕ ಕೊಡ್ತಾನಂತ. ಟರ್ಬೋ. ತಗೊಳ್ಳಲೇನ್ರಿ?" ಟರ್ಬೋ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ. ಕೈಯಲ್ಲಿರುವುದು ಎಷ್ಟು ಎಂದು ಕೇಳಿದೆ. "ನಾಕ." ಅಂದರೆ ಇದ್ದ ನಾಲ್ಕೂ ಲಕ್ಷವನ್ನು ಕಾರಿಗೇ ಸುರಿದು, ಬ್ರೇಕ್, ಟಯರ್, ಹೆಲ್ಮೆಟ್, ಪೆಟ್ರೋಲ್, ಟೋಲ್ ಎಲ್ಲವನ್ನೂ ದೇವರ ಮೇಲೆ ಬಿಡುವ ಯೋಜನೆ. ಅವತ್ತು ಅವನಿಗೆ ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೆಗೆಯಬೇಕು. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಆಯೋಜಕರು ಟ್ರ್ಯಾಕನ್ನು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಹಣ ಕಟ್ಟಿದವರಿಗೆ ತಂಡ ತಂಡವಾಗಿ ಸಮಯ ಹಂಚುತ್ತಾರೆ. ಗೆದ್ದವರು, ಸೋತವರು ಅಂತ ಇರುವುದಿಲ್ಲ. ಬಾವುಟ ಹಿಡಿದ ಮಾರ್ಷಲ್‌ಗಳು, ಆಂಬುಲೆನ್ಸ್, ಎದುರಿನಿಂದ ವಾಹನ ಬರುವುದಿಲ್ಲ ಎಂಬ ಖಾತ್ರಿ: ದುಡ್ಡು ಕೊಡುವುದು ಇವಕ್ಕೆ. ಪರವಾನಗಿ, ಅಂಕಪಟ್ಟಿ, ತಾಂತ್ರಿಕ ತಪಾಸಣೆಯ ರೇಸಿಂಗ್ ಪ್ರಪಂಚವೇ ಬೇರೆ, ಅದು ಎಫ್‌ಎಮ್‌ಎಸ್‌ಸಿಐ ಎಂಬ ರಾಷ್ಟ್ರೀಯ ಸಂಸ್ಥೆಯ ನಿಯಮದಡಿ ನಡೆಯುತ್ತದೆ.

ನಮ್ಮ ಕಡೆ ಈ ಪ್ರಶ್ನೆ ಈಗ ಯಾಕೆ ಬಿಸಿಯಾಗಿದೆ ಎಂದರೆ, ಉತ್ತರ ಕರ್ನಾಟಕದಲ್ಲಿ ಕಾರು ಓಡಿಸುವಂಥ ಒಂದೇ ಒಂದು ರೇಸ್ ಟ್ರ್ಯಾಕ್ ಇಲ್ಲ. ಘಟ್ಟಗಳು ಬೇಕಾದಷ್ಟಿವೆ. ಚೋರ್ಲಾ, ಅಂಬೋಲಿ, ಅನಮೋಡ್ ಎಲ್ಲವೂ ಬೆಳಗಾವಿಯಿಂದ ಬೆಳಗಿನ ಚಹಾಕ್ಕೆ ಹೋಗಿ ಬರುವ ದೂರದಲ್ಲಿವೆ. ಬೆಳಿಗ್ಗೆ ಆರಕ್ಕೆ ಅಲ್ಲಿ ನಿಂತು ನೋಡಿದರೆ ಎಂಥೆಂಥ ಸೈಲೆನ್ಸರ್ ಸದ್ದು ಕೇಳುತ್ತದೆ ಎಂಬುದು ಆ ಕಡೆ ಹಾಲಿನ ಗಾಡಿ ಓಡಿಸುವವರಿಗೆಲ್ಲ ಗೊತ್ತು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಮತ್ತೊಮ್ಮೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ. ದಂಡದ ಮಾತು ಬಿಡಿ. ಚೋರ್ಲಾದ ತಿರುವಿನಲ್ಲಿ ಎದುರಿಗೆ ಮರಳಿನ ಟಿಪ್ಪರ್ ಬಂದರೆ ಯಾವ ಕಲಮೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಟ್ರ್ಯಾಕಿಗೆ ಹೋಗುತ್ತೇನೆ ಎನ್ನುವ ಹುಡುಗನನ್ನು ನಾನು ತಡೆಯುವುದಿಲ್ಲ. ತಪ್ಪು ಕಾರಿನಲ್ಲಿ ಹೋಗಬೇಡ ಎನ್ನುತ್ತೇನೆ, ಅಷ್ಟೇ.

ಇನ್ನೊಂದು ಕಾರಣ ಮಾರುಕಟ್ಟೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದು ಮಾತ್ರ ಬಿಗಿಯಾಗಿ ನಿಲ್ಲುವುದಕ್ಕೆ ಸಾಧ್ಯವಿಲ್ಲ, ಆದರೆ ಮಾರುವವರಲ್ಲಿ ಅರ್ಧ ಜನ ಇನ್ನೂ ಹಳೆಯ ದರವನ್ನೇ ಹೇಳುತ್ತಾರೆ. ನೋಂದಾಯಿತ ಡೀಲರ್ ಹಳೆಯ ಕಾರು ಮಾರಿದರೆ ಅವನ ಲಾಭದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಮನೆಯವರಿಂದ ನೇರವಾಗಿ ಕೊಂಡರೆ ಆ ತೆರಿಗೆಯಿಲ್ಲ. ಚೌಕಾಸಿಗೆ ಕೂತಾಗ ಇವೆರಡೂ ನೆನಪಿರಲಿ.

ಮೊದಲು ಟ್ರ್ಯಾಕ್, ಆಮೇಲೆ ಕಾರು

ಎಲ್ಲಿ ಓಡಿಸುತ್ತೀರಿ ಎಂಬುದು ಏನನ್ನು ಕೊಳ್ಳಬೇಕು ಎಂಬುದನ್ನು ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿಲೋಮೀಟರ್ ಉದ್ದ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಜಾಗ. ಅಲ್ಲಿ ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿಯಿದೆ. 85 ಪಿಎಸ್, ಅಂದರೆ ಹೆಚ್ಚು ಕಡಿಮೆ ಅಷ್ಟೇ ಅಶ್ವಶಕ್ತಿಯ ಸಣ್ಣ ಕಾರು ಆ ನೇರದಲ್ಲಿ ಎತ್ತಿನ ಗಾಡಿಯ ಹಾಗೆ ಅನಿಸುತ್ತದೆ. ಬೆಳಗಾವಿಯಿಂದ ಅಲ್ಲಿಗೆ ಕಾರು ಓಡಿಸಿಕೊಂಡು ಹೋಗುವ ಮಾತೇ ಬೇಡ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯ ಮದ್ರಾಸ್ ಸರ್ಕ್ಯೂಟ್ 3.7 ಕಿಲೋಮೀಟರ್, ಬೆಂಗಳೂರು ದಾಟಿ ಚೆನ್ನೈ ಹೆದ್ದಾರಿಯಲ್ಲೇ ಸಿಗುತ್ತದೆ. ಅಲ್ಲಿ ವೇಗದ ತಿರುವುಗಳಿವೆ, ಎದೆಗಾರಿಕೆ ಬೇಕು. ಕರಿ ಚಿಕ್ಕದು, ಬಿಗಿಯಾದದ್ದು. 2003ರಿಂದ ನಡೆಯುತ್ತಿದೆ. ಶಕ್ತಿಗಿಂತ ಬ್ರೇಕ್ ಮತ್ತು ತಿರುವಿನ ಹಿಡಿತ ಅಲ್ಲಿ ಕೆಲಸಕ್ಕೆ ಬರುತ್ತದೆ. ಹೊಸಬರಿಗೆ ಅದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಟ್ರ್ಯಾಕಿಗೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಅಗ್ಗದ ರೇಸ್ ಕಾರು ಕಟ್ಟಿದವರು ಅವರು. ನಮ್ಮ ಅಪ್ಪಂದಿರು ಸಂತೆಗೆ ಹೋಗಿ ಬರಲು ಇಟ್ಟುಕೊಂಡಿದ್ದ ಎಂಜಿನ್ ಅದು. ಅದರ ಮೇಲೆ ಕಲಿತವರು ಭಾರತದ ರೇಸಿಂಗನ್ನು ಮುಂದೆ ಒಯ್ದರು. ಟರ್ಬೋ ಇಲ್ಲದೆ ಹೇಗೆ ಎನ್ನುವವರಿಗೆ ನಾನು ಈ ಕತೆ ಹೇಳುತ್ತಿರುತ್ತೇನೆ.

ಕುದಿಯುವ ನೀರಿನ ಲೆಕ್ಕ

ಟ್ರ್ಯಾಕಿನಲ್ಲಿ ಕಾರನ್ನು ಮುಗಿಸುವುದು ಎಂಜಿನ್ ಅಲ್ಲ, ಶಾಖ. ಅದೂ ಬ್ರೇಕಿನ ಶಾಖ. ಚಾಲಕ ಸೇರಿ 950 ಕಿಲೋ ತೂಗುವ ಕಾರು ಗಂಟೆಗೆ 120 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 400 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಗಾಳಿಯ ತಡೆ, ಎಂಜಿನ್ನಿನ ತಡೆ ಒಂದಿಷ್ಟು ತಿನ್ನುತ್ತವೆ. ಉಳಿದದ್ದೆಲ್ಲ ಗಾಲಿಯ ಜೊತೆ ತಿರುಗುವ ಡಿಸ್ಕು ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡುಗಳ ಪಾಲು. ಅಡುಗೆಮನೆಯ ಭಾಷೆಯಲ್ಲಿ ಹೇಳಬೇಕೆಂದರೆ ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು ಬಿಸಿ, ಎರಡು ಮೂರು ಸೆಕೆಂಡಿನಲ್ಲಿ. ಸುತ್ತಿಗೆ ಅಂಥ ಮೂರು ಬ್ರೇಕ್ ಎಂದುಕೊಂಡರೂ ಹನ್ನೆರಡು ಸುತ್ತಿನ ಸೆಷನ್ ಮುಗಿಯುವ ಹೊತ್ತಿಗೆ 45 ಲೀಟರ್ ನೀರು ಕಾಯಿಸಿದಂತೆ. ಮದುವೆ ಮನೆಯ ಹಂಡೆ! ಕಾರು ಚಾಲಕ ಸೇರಿ 1,180 ಕಿಲೋ ಇದ್ದರೆ ಅದೇ ಸೆಷನ್‌ನಲ್ಲಿ 56 ಲೀಟರ್. ಹೆಚ್ಚಿನ ಹನ್ನೊಂದು ಲೀಟರಿನ ಬಿಸಿಯನ್ನು ತಡೆಯಲು ದೊಡ್ಡ ಡಿಸ್ಕು, ದುಬಾರಿ ಪ್ಯಾಡು ಬೇಕು. ತೂಕ ಹೆಚ್ಚಿದಂತೆ ಟಯರ್ ಕೂಡ ಬೇಗ ಸವೆಯುತ್ತದೆ. ಹೀಗೆ ತೂಕ ಎಂಬುದು ಒಮ್ಮೆ ಕಟ್ಟಿ ಮುಗಿಸುವ ಸಾಲವಲ್ಲ, ಪ್ರತಿ ಸಲ ಟ್ರ್ಯಾಕಿಗೆ ಹೋದಾಗಲೂ ಕಟ್ಟುವ ಬಡ್ಡಿ.

ಪೆಡಲಿನ ಒತ್ತಡವನ್ನು ಗಾಲಿಗೆ ಒಯ್ಯುವ ಬ್ರೇಕ್ ಆಯಿಲ್ ವಿಷಯ ಇನ್ನೂ ಸೂಕ್ಷ್ಮ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಆದರೆ ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಡಾಟ್ 3ಕ್ಕೆ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ, ಡಾಟ್ 4ಕ್ಕೆ 155. ಬೆಳಗಾವಿಯ ಮಳೆಗಾಲ ಎಂಥದ್ದು ಎಂದು ಗೋಡೆಯ ಬೂಸಲು ನೋಡಿದವರಿಗೆ ಹೇಳಬೇಕಿಲ್ಲ. ನಾಲ್ಕು ಮಳೆಗಾಲ ಕಂಡ ಆಯಿಲ್ ಹಾಕಿಕೊಂಡು ಟ್ರ್ಯಾಕಿಗೆ ಇಳಿದರೆ ಅದು ಪೈಪಿನೊಳಗೇ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನ ಮೊದಲ ಟ್ರ್ಯಾಕ್ ಡೇ, ಎರಡನೇ ಸೆಷನ್, ಏಳನೇ ಸುತ್ತು. ಪೆಡಲ್ ಒತ್ತಿದೆ, ಕಾಲು ಮ್ಯಾಟಿಗೆ ತಾಗಿತು. ಇನ್ನೊಮ್ಮೆ ಒತ್ತಿದೆ, ಅಷ್ಟೇ. ಕಾರು ತಿರುವು ಬಿಟ್ಟು ಪಕ್ಕದ ಮಣ್ಣಿಗೆ ಇಳಿದು, ಧೂಳೆಬ್ಬಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿ ಮಣ್ಣಿತ್ತು, ಚೋರ್ಲಾದಲ್ಲಿ ಕಣಿವೆ ಇರುತ್ತಿತ್ತು. ಕಾರು ಮಾರಿದ ಪುಣ್ಯಾತ್ಮ "ಎಲ್ಲಾ ಸರ್ವಿಸ್ ಆಗೇತ್ರಿ, ನೀವು ಚಾವಿ ಹಚ್ಚಿ ಹೊಂಡೂದಷ್ಟ" ಅಂದಿದ್ದ. ಆಮೇಲೆ ಆಯಿಲ್ ಬಾಟಲಿಗೆ ಬಿಟ್ಟು ನೋಡಿದರೆ ಕಡಕ್ ಚಹಾದ ಬಣ್ಣ. ಹಾಗಾಗಿ ಕಾರು ಯಾವುದೇ ಇರಲಿ, ಮನೆಗೆ ತಂದ ದಿನವೇ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಡಾಟ್ 4 ಅಥವಾ 5.1 ಹಾಕಿಸಿ, ಒಳ್ಳೆಯ ಪ್ಯಾಡ್ ಹಾಕಿಸಿ, ರಬ್ಬರ್ ಹೋಸ್‌ಗಳನ್ನು ಬದಲಿಸಿ. ಸೆಷನ್ ಮುಗಿಸಿ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಲೈನರ್ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಗಾಲಿಗೆ ಒಂದು ಕಲ್ಲು ಕೊಡಿ, ಲಾರಿಯವರು ಕೊಡುವ ಹಾಗೆ.

ಯಾವ ಕಾರು?

ಈಗ ಪೋಲೋ ಮತ್ತು ಸ್ವಿಫ್ಟ್ ಎದುರುಬದುರು ಇಡೋಣ. 1.2 ಲೀಟರ್ ಟರ್ಬೋ ಇರುವ ಪೋಲೋ ಜಿಟಿ ಟಿಎಸ್‌ಐ 105 ಪಿಎಸ್, ತೂಕ 1,100 ಕಿಲೋದ ಸುತ್ತಮುತ್ತ. 2018ರಲ್ಲಿ ಬಂದ ಸ್ವಿಫ್ಟ್ 83 ಪಿಎಸ್, ತೂಕ 870ರ ಸುತ್ತಮುತ್ತ. ಭಾಗಿಸಿ ನೋಡಿ: ಎರಡರಲ್ಲೂ ಟನ್ನಿಗೆ 95 ಪಿಎಸ್. ಕಾಗದದ ಮೇಲೆ ಸರಿಸಮ! ನಿಜ, ಪೋಲೋದ 175 ನ್ಯೂಟನ್ ಮೀಟರ್ ಟಾರ್ಕು (ಗಾಲಿ ತಿರುಗಿಸುವ ಬಲ) ತಿರುವಿನಿಂದ ಹೊರಗೆ ಎಳೆಯುವಾಗ ಬೇರೆಯೇ ಅನುಭವ ಕೊಡುತ್ತದೆ, ಸ್ಟೀರಿಂಗ್ ಸ್ಥಿರತೆಯೂ ಮೇಲು. ಆದರೆ ಜಿಟಿ ಟಿಎಸ್‌ಐನಲ್ಲಿ ಬರುವುದು ಏಳು ಗೇರಿನ, ಎಣ್ಣೆಯಲ್ಲಿ ಮುಳುಗದ ಎರಡು ಕ್ಲಚ್ಚಿನ (ಡ್ರೈ ಕ್ಲಚ್) ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆ, ಡಿಎಸ್‌ಜಿ. ಬಿಸಿ ಅದಕ್ಕೆ ಆಗಿಬರುವುದಿಲ್ಲ. ಗೇರು ಬದಲಿಸುವುದನ್ನು ನಿಯಂತ್ರಿಸುವ ಅದರ ಮೆಕಾಟ್ರಾನಿಕ್ಸ್ ಕೆಟ್ಟರೆ ರಿಪೇರಿ ಬಿಲ್ಲಿನಲ್ಲಿ ಹಳೆಯ ಮೋಟರ್‌ಸೈಕಲ್ಲೇ ಬರುತ್ತದೆ. ಕೊಯಮತ್ತೂರಿನಲ್ಲಿ ಕೆಟ್ಟರೆ? ಟೋಯಿಂಗ್ ಮಾಡಿಸಿ 850 ಕಿಲೋಮೀಟರ್ ತರಬೇಕು. ಪೋಲೋ ಬೇಕೇ ಬೇಕೆಂದರೆ 2020ರಿಂದ 2022ರ ನಡುವೆ ಬಂದ 110 ಪಿಎಸ್‌ನ 1 ಲೀಟರ್ ಟಿಎಸ್‌ಐ ಮ್ಯಾನುವಲ್ ನೋಡಿ. ಆದರೆ ಅದು ನಾಲ್ಕು ಲಕ್ಷದವರ ಕಾರಲ್ಲ.

ಈ ಬಜೆಟ್ಟಿಗೆ ನನ್ನ ಆಯ್ಕೆ 2011ರಿಂದ 2018ರವರೆಗಿನ ಸ್ವಿಫ್ಟ್ ಪೆಟ್ರೋಲ್. 1,197 ಸಿಸಿಯ ಕೆ ಸರಣಿಯ ಎಂಜಿನ್, ಟೈಮಿಂಗ್ ಬೆಲ್ಟ್ ಅಲ್ಲ ಚೈನ್, ತೂಕ 960ರ ಆಜುಬಾಜು. ಟನ್ನಿಗೆ 88 ಪಿಎಸ್ ಆಸುಪಾಸು ಬೀಳುತ್ತದೆ. ರೋಮಾಂಚನ ಎನಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಚಿಕ್ಕೋಡಿಯಲ್ಲಿ ಕೆಡಲಿ, ಚಿತ್ರದುರ್ಗದಲ್ಲಿ ಕೆಡಲಿ, ಧರ್ಮಪುರಿಯಲ್ಲಿ ಕೆಡಲಿ, ಸ್ಪೇರ್ ಪಾರ್ಟ್ ಸಿಗುತ್ತದೆ, ಬಿಚ್ಚಿ ಗೊತ್ತಿರುವ ಮಿಸ್ತ್ರಿ ಸಿಗುತ್ತಾನೆ. ಟ್ರ್ಯಾಕಿನ ಒಂದು ಕಿಲೋಮೀಟರಿಗೆ ಹದಿನೇಳು ಕಿಲೋಮೀಟರ್ ರಸ್ತೆ ಎಂದೆನಲ್ಲ, ಆ ಹದಿನೇಳರ ಸಲುವಾಗಿ ಈ ಆಯ್ಕೆ. ಒಂದು ಷರತ್ತು: ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ವೇರಿಯಂಟ್ ಹುಡುಕಿ. 2019ರ ಏಪ್ರಿಲ್‌ಗೆ ಮುಂಚೆ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯ ಇರಲಿಲ್ಲ. ಝಡ್‌ಎಕ್ಸ್‌ಐ ಸಿಕ್ಕರೆ ಇನ್ನೊಂದು ಲಾಭ, ಅದರಲ್ಲಿ ಕಂಪನಿಯಿಂದಲೇ ಅಗಲವಾದ 185/65 ಆರ್15 ಟಯರ್ ಬರುತ್ತದೆ. ಕೆಳಗಿನ ವೇರಿಯಂಟ್‌ಗಳ 165/80 ಆರ್14 ಟಯರಿನ ಎತ್ತರದ ಗೋಡೆ ತಿರುವಿನಲ್ಲಿ ಮಡಚಿದಂತಾಗಿ ಅಂಚಿನಲ್ಲಿ ಸವೆಯುತ್ತದೆ.

ಅದೃಷ್ಟವಿದ್ದರೆ ಬಲೆನೋ ಆರ್‌ಎಸ್ ಸಿಗಬಹುದು. 2017ರಲ್ಲಿ ಬಂದು 2020ರಲ್ಲಿ ನಿಂತುಹೋಯಿತು. 1 ಲೀಟರ್ ಬೂಸ್ಟರ್‌ಜೆಟ್ ಟರ್ಬೋ ಎಂಜಿನ್, 102 ಪಿಎಸ್, 950 ಕಿಲೋ, ನಾಲ್ಕೂ ಗಾಲಿಗೆ ಡಿಸ್ಕು, ಮ್ಯಾನುವಲ್ ಗೇರು. ಟ್ರ್ಯಾಕಿಗೆ ಹೇಳಿ ಮಾಡಿಸಿದ ಹಾಗಿದೆ. ಆಗ ಜನ ಅದನ್ನು ಕೊಳ್ಳಲಿಲ್ಲ, ಈಗ ಇದ್ದವರು ಬಿಡುತ್ತಿಲ್ಲ. ಟಾಟಾ ಟಿಯಾಗೋ ಜೆಟಿಪಿಯ ಕತೆಯೂ ಇದೇ. 114 ಪಿಎಸ್ ಇತ್ತು, ಬಂದಷ್ಟೇ ಬೇಗ ಹೋಯಿತು. ಸಿಕ್ಕರೆ ನೋಡಿ, ಆದರೆ ಅದರದೇ ಆದ ಪಾರ್ಟುಗಳು ಎಲ್ಲಿ ಸಿಗುತ್ತವೆ ಎಂದು ಮೊದಲು ವಿಚಾರಿಸಿ.

ಡೀಸೆಲ್ ಬೇಡ. ನಮ್ಮ ಕಡೆ ಡೀಸೆಲ್ ಸ್ವಿಫ್ಟ್ ಓಣಿಗೆ ಹತ್ತು ಸಿಗುತ್ತವೆ, ಅಗ್ಗಕ್ಕೂ ಸಿಗುತ್ತವೆ. ಆದರೆ ಮೂಗಿನ ಮೇಲೆ ಭಾರ, ತಿರುಗಿಸಿದರೆ ನೇರ ಹೋಗುತ್ತೇನೆ ಎನ್ನುತ್ತದೆ. ಶಕ್ತಿಯೂ ಎಂಜಿನ್ ತಿರುಗುವ ವೇಗದ (ಆರ್‌ಪಿಎಮ್) ಒಂದು ಸಣ್ಣ ಪಟ್ಟಿಯಲ್ಲಿ ಮುಗಿದುಹೋಗುತ್ತದೆ.

ಇನ್ನು ಹಳೆಯ ಪ್ರೀತಿಗಳು. ಎಸ್ಟೀಮ್, ಫೋರ್ಡ್ ಐಕಾನ್ 1.6, 106 ಪಿಎಸ್‌ನ ಹೋಂಡಾ ಸಿಟಿ ವಿಟೆಕ್. ಈ ಹೆಸರು ಕೇಳಿದರೆ ನಲವತ್ತು ದಾಟಿದವರ ಕಣ್ಣು ಈಗಲೂ ಹೊಳೆಯುತ್ತದೆ, ನನ್ನದೂ ಸೇರಿ. ಎಸ್ಟೀಮ್ ಮತ್ತು ಸಿಟಿ ಭಾರತದ ರೇಸಿಂಗಿನಲ್ಲಿ ವರ್ಷಗಟ್ಟಲೆ ಓಡಿದ ಕಾರುಗಳು. ಆದರೆ 2003ರ ಕಾರಿನ ನೋಂದಣಿ 15 ವರ್ಷಕ್ಕೆ 2018ರಲ್ಲಿ ಮುಗಿಯಿತು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆರ್‌ಸಿ ಜೀವಂತ ಇದೆಯೇ ಎಂದು ನೋಡದೆ ಮುಂಗಡ ಕೊಟ್ಟವರು ಗುಜರಿ ಕೊಂಡಂತೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಐಕಾನ್ ಪಾರ್ಟಿಗೆ ಗುಜರಿಯೇ ಗತಿ.

ಹಳೆಯ ಕಾರಿಗೆ ಇನ್ನೊಂದು ತೊಂದರೆ ನಮ್ಮ ಹೊಲದಿಂದಲೇ ಬಂದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬು ಈಗ ಸಕ್ಕರೆಯಷ್ಟೇ ಅಲ್ಲ, ಎಥೆನಾಲ್ ಆಗಿ ಪೆಟ್ರೋಲ್ ಬಂಕಿಗೂ ಹೋಗುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಶೇ 20 ಎಥೆನಾಲ್. ಇದರ ಆಕ್ಟೇನ್ 95, ಟರ್ಬೋ ಎಂಜಿನ್ನಿಗೆ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ತಡೆಯಲು ಒಳ್ಳೆಯದೇ. ಆದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಲೀಟರಿಗೆ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಇಳಿಯುತ್ತದೆ. ಇ20 ತಾಳುವ ರಬ್ಬರು, ಪ್ಲಾಸ್ಟಿಕ್ ಇರುವ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ನಾಲ್ಕು ಲಕ್ಷದಲ್ಲಿ ಸಿಗುವುದೆಲ್ಲ ಅದಕ್ಕಿಂತ ಹಿಂದಿನದು. ಟ್ರ್ಯಾಕಿಗೆಂದೇ ಇಟ್ಟ ಕಾರು ಎರಡು ಮೂರು ತಿಂಗಳು ನಿಂತೇ ಇರುತ್ತದೆ. ಎಥೆನಾಲ್ ತೇವ ಹೀರುತ್ತದೆ, ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ಕೆಳಗೆ ಕೂರುತ್ತದೆ. ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಫ್ಯೂಯೆಲ್ ಹೋಸ್ ಮತ್ತು ಫಿಲ್ಟರ್ ಬದಲಿಸಿ, ವಾರಕ್ಕೊಮ್ಮೆ ಪಕ್ಕದ ಹಿಂಡಲಗಾವರೆಗಾದರೂ ಓಡಿಸಿ.

ಹಲ್ಲು ನೋಡಿ ಎತ್ತು ಕೊಂಡ ಹಾಗೆ

ನಮ್ಮ ಕಡೆಯ ರೈತ ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಆಮೇಲೆ ಬೆಲೆ ಕುದುರಿಸಲು ಟವೆಲ್ಲಿನ ಒಳಗೆ ಬೆರಳು ಹಿಡಿಯುತ್ತಾನೆ. ಕಾರಿನ ಹಲ್ಲು ಟಯರ್ ಮೇಲಿರುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಎಂದಿದ್ದರೆ 2017ರ 23ನೇ ವಾರ. ಗೀರು ಎಷ್ಟೇ ಆಳ ಇರಲಿ, ಎಂಟು ವರ್ಷದ ರಬ್ಬರ್ ಟ್ರ್ಯಾಕಿಗೆ ನಡೆಯದು. ಇನ್ನೊಂದು ಮಾತು, ಮೀಟರ್ 40 ಸಾವಿರ ತೋರಿಸುತ್ತ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಮೀಟರನ್ನು ಯಾರೋ ಹಿಂದಕ್ಕೆ ಕಳಿಸಿದ್ದಾರೆ.

ಪಾಸಿಂಗ್, ಅಂದರೆ ನೋಂದಣಿ ನೋಡಿ. ಕೆಎ 22, 23, 24, 49 ಆದರೆ ಜಿಲ್ಲೆಯೊಳಗಿನದು, ಹಳೆಯ ಮಾಲೀಕನ ಮನೆಗೇ ಹೋಗಿ ವಿಚಾರಿಸಬಹುದು. ಗೋವಾ ಪಾಸಿಂಗ್ ಗಾಡಿಗೆ ಕಣ್ಣು ಮುಚ್ಚಿ ಕೈ ಹಾಕಬೇಡಿ, ರ‍್ಯಾಂಪಿನ ಮೇಲೆ ಏರಿಸಿ ತಳ ನೋಡಿ. ಕಡಲ ಗಾಳಿ ಗಾಲಿಗಳ ಜೋಡಣೆಯನ್ನು ಹೊರುವ ಸಬ್‌ಫ್ರೇಮ್, ಲೋವರ್ ಆರ್ಮ್ ಕೂರುವ ಜಾಗಗಳನ್ನು ತಿಂದಿರುತ್ತದೆ. ರಸ್ತೆಯಲ್ಲಿ ವರ್ಷಗಟ್ಟಲೆ ತಡೆಯುವ ತುಕ್ಕು ಟ್ರ್ಯಾಕಿನಲ್ಲಿ ಒಂದೇ ದಿನ ಕೈ ಕೊಡಬಹುದು. ಹಳೆಯ ವಾಹನಗಳ ಮೇಲೆ ದೆಹಲಿಯಲ್ಲಿರುವ ವಯಸ್ಸಿನ ನಿರ್ಬಂಧದಿಂದ ಈ ಕಡೆ ಅಗ್ಗಕ್ಕೆ ಬರುವ ಗಾಡಿಗಳದು ಬೇರೆ ಲೆಕ್ಕ. ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇರಬೇಕು, ಮತ್ತು ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿಯ ನಂಬರ್ ಪಡೆಯಬೇಕು, ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆ ಕೂಡಿಸಿ ನೋಡಿದರೆ ಅಗ್ಗ ಎಂಬ ಮಾತು ಹಲವು ಸಲ ಸುಳ್ಳಾಗುತ್ತದೆ.

ಅಪಘಾತವಾಗಿ ರಿಪೇರಿಯಾದ ಗಾಡಿ ಎಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಬಾಗಿಲಿಗೆ ಪೇಂಟ್ ಆಗಿದ್ದರೆ ಟ್ರ್ಯಾಕಿಗೆ ಏನು ತೊಂದರೆ? ಬೆಲೆ ಇಳಿಸಲು ಅದೇ ಕಾರಣವಾಗಲಿ. ಛಾಸಿಯ ಮುಂದಿನ ಕಾಲುಗಳು ಬೆಸುಗೆ ಕಂಡಿದ್ದರೆ, ಚಾವಿ ತಿರುಗಿಸಿದಾಗ ಎಬಿಎಸ್, ಏರ್‌ಬ್ಯಾಗ್ ದೀಪ ಹತ್ತಿ ಆರದಿದ್ದರೆ ಅಥವಾ ಹತ್ತಲೇ ಇಲ್ಲದಿದ್ದರೆ, ನಮಸ್ಕಾರ ಹೇಳಿ ಬನ್ನಿ. ಬಲ್ಬನ್ನೇ ಕಿತ್ತು ಮಾರುವವರಿದ್ದಾರೆ.

ಕೊಂಡ ಮೇಲೆ ಕೈ ತುರಿಸುವುದು ಸಹಜ. ನಮ್ಮ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್, ಮಿಲ್ಲಿಂಗ್, ಫೌಂಡ್ರಿ ಎಲ್ಲವೂ ಇವೆ, ದೇಶದ ಎಷ್ಟೋ ವಾಹನಗಳ ಬಿಡಿಭಾಗ ಇಲ್ಲೇ ಎರಕವಾಗುತ್ತವೆ. ಡಿಸ್ಕ್ ಸ್ಕಿಮ್ಮಿಂಗ್ (ಡಿಸ್ಕಿನ ಮೈಯನ್ನು ಕೆತ್ತಿ ಸಮ ಮಾಡುವುದು) ಮಾಡಿಸಲು, ಟೋಯಿಂಗ್ ಹುಕ್ಕಿನ ಬ್ರ್ಯಾಕೆಟ್ ಮಾಡಿಸಲು ಇದಕ್ಕಿಂತ ಒಳ್ಳೆಯ ಊರಿಲ್ಲ. ಆದರೆ "ಸ್ಪ್ರಿಂಗ್ ನಾವ ಕತ್ತರಿಸಿ ಕೊಡ್ತೇವ್ರಿ" ಎನ್ನುವವರಿಗೆ ಕೈ ಮುಗಿದು ಎದ್ದು ಬನ್ನಿ. ಕತ್ತರಿಸಿದ ಸ್ಪ್ರಿಂಗ್ ಕುಣಿತದಲ್ಲಿ ಜಾಗ ಬಿಟ್ಟು ಹೊರಬರಬಹುದು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ರಸ್ತೆಯ ಮೇಲೆ 1,700 ಕಿಲೋಮೀಟರ್ ಓಡಬೇಕಾದ ಕಾರಿಗೆ ರೋಲ್ ಕೇಜ್, ಅಂದರೆ ಒಳಗೆ ಕೂರಿಸುವ ಕಬ್ಬಿಣದ ಪಂಜರ ಕೂಡ ಬೇಡ. ಹೆಲ್ಮೆಟ್ ಇಲ್ಲದೆ ಕೂತಾಗ ಆ ಕಬ್ಬಿಣದ ಪೈಪಿಗೆ ತಲೆ ಬಡಿದರೆ ಕಾಪಾಡಬೇಕಾದದ್ದೇ ಕೊಲ್ಲುತ್ತದೆ. ಪ್ಯಾಡು, ಆಯಿಲ್, ಟಯರು, ಹೊಸ ಬುಷ್ಷು, ಸರಿಯಾದ ಅಲೈನ್‌ಮೆಂಟ್. ಮೊದಲ ವರ್ಷಕ್ಕೆ ಇಷ್ಟು ಸಾಕು.

ವಿಮೆಯನ್ನು ಓದಿ ನೋಡಿ. ನಮ್ಮ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಆಯೋಜಿತ ರೇಸಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗಳಿಗೆ ರಕ್ಷಣೆ ಇಲ್ಲ ಎಂದು ಅಚ್ಚಾಗಿರುತ್ತದೆ. ಟ್ರ್ಯಾಕಿನಲ್ಲಿ ಗುದ್ದಿದರೆ ಕ್ಲೇಮ್ ಬರುತ್ತದೆ ಎಂಬ ಆಸೆ ಬೇಡ. ಗುದ್ದಿ ಪೂರ್ತಿ ಹಾಳಾದರೂ ರಾತ್ರಿ ನಿದ್ದೆ ಬರುವಷ್ಟು ಬೆಲೆಯ ಕಾರು ಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೇ.

ನಾಲ್ಕು ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ಕಾರಿಗೆ ಎರಡೂವರೆಯಿಂದ ಎರಡು ಮುಕ್ಕಾಲು. ಬ್ರೇಕ್, ಬುಷ್, ಆಯಿಲ್, ಕೂಲಂಟ್, ಹೋಸ್ ಎಲ್ಲಕ್ಕೂ ಸೇರಿ ಐವತ್ತು ಸಾವಿರದೊಳಗೆ. ಟಯರಿಗೆ ಇಪ್ಪತ್ತೈದು ಸಾವಿರ. ಮುಖ ಪೂರ್ತಿ ಮುಚ್ಚುವ ಒಳ್ಳೆಯ ಹೆಲ್ಮೆಟ್. ಕೊಯಮತ್ತೂರಿಗೆ ಹೋಗಿ ಬರಲು ಲೀಟರಿಗೆ 16 ಕಿಲೋಮೀಟರ್ ಹಿಡಿದರೂ 106 ಲೀಟರ್, ಹನ್ನೊಂದು ಸಾವಿರ ಪೆಟ್ರೋಲಿಗೇ ಹೋಯಿತು. ಟ್ರ್ಯಾಕಿನಲ್ಲಿ ಲೀಟರಿಗೆ ಆರು ಕಿಲೋಮೀಟರ್ ಕೊಟ್ಟರೆ ದೊಡ್ಡದು, ಮತ್ತೆ ಹದಿನೇಳು ಹದಿನೆಂಟು ಲೀಟರ್. ಟೋಲ್, ಲಾಡ್ಜು, ಶುಲ್ಕ ಬೇರೆ. ಉಳಿದದ್ದನ್ನು ಮುಟ್ಟಬಾರದು, ಎರಡನೇ ಸಲ ಹೋಗಲು ಬೇಕು.

ಕಾರು ಕೊಳ್ಳುವ ಮುಂಚೆ 110 ಕಿಲೋಮೀಟರ್ ದೂರದ ಕೊಲ್ಹಾಪುರಕ್ಕೆ ಹೋಗಿ ಮೋಹಿತೆ ರೇಸಿಂಗ್ ಅಕಾಡೆಮಿಯ ಕಾರ್ಟಿಂಗ್ (ಪುಟ್ಟ ರೇಸ್ ಗಾಡಿಗಳ) ಟ್ರ್ಯಾಕಿನಲ್ಲಿ ನಾಲ್ಕು ಭಾನುವಾರ ಓಡಿಸು ಎಂದೂ ಹುಡುಗನಿಗೆ ಹೇಳಿದ್ದೆ. ಬ್ರೇಕ್ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಾರ್ಟ್ ಕಲಿಸುವಷ್ಟು ಅಗ್ಗವಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ಎರಡು ಭಾನುವಾರ ಹೋಗಿ ಬಂದ. ಪಕ್ಕೆಲುಬು ನೋಯುತ್ತವೆ ಎಂದ. ಪೋಲೋದ ಮಾತು ಮತ್ತೆ ಎತ್ತಲಿಲ್ಲ.

ಮೊನ್ನೆ ಗೋಕಾಕದಿಂದ ಅವನದೇ ಫೋನ್ ಬಂತು. ಕೆಎ 49 ಪಾಸಿಂಗ್, 2013ರ ಸ್ವಿಫ್ಟ್ ಝಡ್‌ಎಕ್ಸ್‌ಐ, ಮಾಸ್ತರರೊಬ್ಬರ ಮನೆಯ ಗಾಡಿ.

"ಕಾಕಾ, ಎಬಿಎಸ್ ದೀಪ ಹತ್ತಿ ಆರ‍್ತದ. ತಳದಾಗ ತುಕ್ಕಿಲ್ಲ. ಟಯರ್ ಮ್ಯಾಲ 3116 ಅಂತ ಐತಿ."

"ಬ್ರೇಕ್ ಆಯಿಲ್ ಯಾವ ಬಣ್ಣ ಐತಿ?"

ಬಾನೆಟ್ ಎತ್ತಿದ ಸದ್ದು ಕೇಳಿಸಿತು. "ಚಹಾರೀ."

"ಹಂಗಾರ ಟಯರಿಂದು ಇಪ್ಪತ್ತೈದು ಸಾವಿರ ಕಡಿಮಿ ಮಾಡ್ರಿ ಅಂತ ಮಾಸ್ತರಿಗೆ ಹೇಳು. ಬರೂವಾಗ ಸಾವಕಾಶ ಬಾ."